ಕಾಗುಣಿತ ಎಂದರೆ ಸ್ಪೆಲ್ಲಿಂಗ್ ಅಲ್ಲ

‘ಮಗಳಿಗೆ ಇಂಗ್ಲಿಷ್ ಕಾಗುಣಿತ ಇನ್ನೂ ಬರ್ತಿಲ್ಲ.’ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಕಾಣದ ವಾರವಿಲ್ಲ. ಬರುವುದಾದರೂ ಹೇಗೆ? ಇಂಗ್ಲಿಷಿಗೆ ಕಾಗುಣಿತವೇ ಇಲ್ಲ. ಅಲ್ಲಿ ಸ್ವರ ವ್ಯಂಜನದ ಪಕ್ಕ ಬೇರೆಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಸ್ವರ ತನ್ನ ರೂಪ ಬಿಟ್ಟು ವ್ಯಂಜನದ ಮೈಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟುವ ಕ್ರಮಕ್ಕೆ ಕಾಗುಣಿತವೆಂದು ಹೆಸರು. ಸ್ಪೆಲ್ಲಿಂಗಿಗೆ ಸ್ಪೆಲ್ಲಿಂಗ್ ಎಂದೇ ಹೇಳಿ, ಯಾರೂ ಬೈಯುವುದಿಲ್ಲ.

‘ಗುಣಿತ’ ಗುಣಾಕಾರದ ಮನೆಯದೇ ಪದ. ಗುಣಿಸಿದ್ದು ಎಂದರ್ಥ. ‘ಕ’ವನ್ನು ಸ್ವರಗಳಿಂದ ಗುಣಿಸುತ್ತ ಹೋದರೆ ಕ, ಕಾ, ಕಿ, ಕೀ ಎಂದು ಕಂ, ಕಃ ತನಕ 15 ರೂಪ. ‘ಕ’ ಸಾಲಿನ ಹೆಸರೇ ಉಳಿದ ಸಾಲುಗಳಿಗೂ ನಿಂತಿತು. ತೆಲುಗಿನವರು ಗುಣಿಂತಂ ಎನ್ನುತ್ತಾರೆ. ಕಾರವಾರದ ಕಡೆ ಹಳಬರಿಗೆ ಇದು ಬಾರಾಖಡಿ. 1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದದ್ದು, ಮರಾಠಿ ಇಲ್ಲಿ ಬೇರೂರಿದ್ದು ಗೊತ್ತೇ ಇದೆ. ‘ಬಾರಾ’ ಎಂದರೆ 12. ನಮ್ಮದು 15, ಅವರದು 12. ಉಳಿದ ಮೂರು ಎಲ್ಲಿ ಹೋದವು? ಬಾರಾಖಡಿಯ ಸಾಲಿನಲ್ಲಿ ಕೃ ಇಲ್ಲ. ಕೆ-ಕೇ ಎರಡಕ್ಕೂ ಒಂದೇ ಗುರುತು, ಕೊ-ಕೋ ಎರಡಕ್ಕೂ ಒಂದೇ.

ಇದು ಬರೀ ಪಂಡಿತರ ಲೆಕ್ಕವಲ್ಲ. ಮನೆಯಲ್ಲಿ ಕೊಂಕಣಿ, ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಗು ಎಡವಬಹುದಾದ ಜಾಗ ಇದೇ. ‘ಕೆರೆ’ ಬರೆಯಹೋಗಿ ‘ಕೇರೆ’ ಬರೆದರೆ ನೀರಿನ ಜಾಗದಲ್ಲಿ ಹಾವು. ಕೊಡು–ಕೋಡು, ತೊಡು–ತೋಡು, ಬೆರೆ–ಬೇರೆ, ಇಂಥ ಜೋಡಿಗಳನ್ನು ಮೊದಲು ಬಾಯಲ್ಲೇ ಆಡಿಸಿ: ಗಿಡ್ಡ ಸ್ವರಕ್ಕೆ ಒಂದು ಚಪ್ಪಾಳೆ, ಉದ್ದದ್ದಕ್ಕೆ ಎರಡೂ ಕೈ ಚಾಚುವುದು. ಕಿವಿ ವ್ಯತ್ಯಾಸ ಹಿಡಿದ ಮೇಲೆ ಪಾಟಿ-ಬಳಪ.

ಇನ್ನೊಂದು ಕೆಟ್ಟ ಅಭ್ಯಾಸ, ಮಗುವಿನ ಎಲ್ಲ ತಪ್ಪನ್ನೂ ‘ಕಾಗುಣಿತದ ತಪ್ಪು’ ಎನ್ನುವುದು. ‘ಹಸು’ವಿಗೆ ‘ಅಸು’ ಬರೆದರೆ ಅದು ಉಚ್ಚಾರದ ತಪ್ಪು. ‘ಅಕ್ಕ’ ಹೋಗಿ ‘ಅಕ’ ಆದರೆ ಒತ್ತಕ್ಷರ ಬಿಟ್ಟಿದೆ. ‘ಕಿವಿ’ ಹೋಗಿ ‘ಕವಿ’ ಆಯಿತೋ, ಅದು ಮಾತ್ರ ಕಾಗುಣಿತದ್ದು. ಮದ್ದೂ ಬೇರೆ ಬೇರೆ. ಮೊದಲನೆಯದಕ್ಕೆ ನಿಧಾನವಾಗಿ ಹೇಳಿಸಬೇಕು. ಎರಡನೆಯದಕ್ಕೆ ‘ಅಕ್–ಕ’ ಎಂದು ನಡುವೆ ತಡೆದು ಕೇಳಿಸಬೇಕು. ಮೂರನೆಯದಕ್ಕೆ ಗುಡಿಸಿನ, ಅಂದರೆ ‘ಇ’ ಸ್ವರದ, ಗುರುತು ತೋರಿಸಬೇಕು. ಮೂರಕ್ಕೂ ‘ಹತ್ತು ಸಲ ಬರಿ’ ಎನ್ನುವುದರಿಂದ ಬಳಪ ಸವೆಯುತ್ತದೆ, ಅಷ್ಟೆ.

ಗುರುತುಗಳ ಹೆಸರು ಗೊತ್ತೇ ಇದೆ: ತಲೆಕಟ್ಟು (ಕ), ಇಳಿ (ಕಾ), ಗುಡಿಸು (ಕಿ), ಕೊಂಬು (ಕು), ವಟ್ರುಸುಳಿ (ಕೃ), ಏತ್ವ (ಕೆ) ಇತ್ಯಾದಿ. ಇವು ಬರೆಸುವಾಗ ಬಳಸಲಿಕ್ಕೆ. ಓದಿಸುವಾಗಲೂ ‘ಕ ಗುಡಿಸು ಕಿ, ವ ಗುಡಿಸು ವಿ’ ಎಂದು ಹೇಳಿಸಿದರೆ ‘ಕಿವಿ’ ಎಂಬ ಪದ ಆ ಗದ್ದಲದಲ್ಲೇ ಕಳೆದುಹೋಗುತ್ತದೆ. ಬರವಣಿಗೆಯಲ್ಲಿ ಮಕ್ಕಳು ಸಿಕ್ಕಿಬೀಳುವುದು ತಲೆಕಟ್ಟಿನಲ್ಲಿ. ಕು ಬರೆಯುವಾಗ ಅದು ಇದ್ದಲ್ಲೇ ಇರುತ್ತದೆ, ಕಿ, ಕೆ ಬರೆಯುವಾಗ ಅದು ಹೋಗಿ ಗುಡಿಸು, ಏತ್ವ ಅದರ ಜಾಗಕ್ಕೆ ಬರುತ್ತವೆ. ಇದನ್ನು ಹೇಳಿಕೊಡದಿದ್ದರೆ ತಲೆಕಟ್ಟಿನ ಮೇಲೆಯೇ ಗುಡಿಸು ಕೂರುತ್ತದೆ. ವ, ಪಗಳಿಗೆ ಕೊಂಬು ಕೆಳಗೆ. ಪಕ್ಕಕ್ಕೆ ಎಳೆದರೆ ‘ವು’ ಹೋಗಿ ‘ಮ’ದಂತೆ ಕಾಣುತ್ತದೆ. ಒಂದು ಅನುಕೂಲವೂ ಉಂಟು: ಕೀ, ಕೇ, ಕೋ ಮೂರಕ್ಕೂ ದೀರ್ಘದ ಗುರುತು ಒಂದೇ. ಮೂರನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಮಗು ತಾನೇ ಕಂಡುಹಿಡಿಯುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಒಂದು ಗುರುತಿಗೆ ಮೂರು-ನಾಲ್ಕು ದಿನ ಕೊಡಿ. ಮೊದಲು ಇಳಿ, ಆಮೇಲೆ ಗುಡಿಸು, ಕೊಂಬು, ಏತ್ವ. ದೀರ್ಘಗಳು ಅದರ ನಂತರ. ಕಲಿಯುತ್ತಿರುವ ಗುರುತನ್ನು ಮಗುವಿಗೆ ಗೊತ್ತಿರುವ ಐದಾರು ವ್ಯಂಜನಗಳಿಗೆ ಮಾತ್ರ ಹಚ್ಚಿಸಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಕಲಿಕೆ ‘ಅ ಆ ಇ ಈ’ಯಿಂದಲ್ಲ, ರ, ಗ, ಸ, ದ, ಅ ಎಂದು ಹೊರಡುತ್ತದೆ, ಮನೆಯಲ್ಲೂ ಅದನ್ನೇ ಹಿಡಿದರೆ ಶಾಲೆಯೊಡನೆ ಜಗಳವಿಲ್ಲ. ಬೆರಳಲ್ಲಿ ಬರೆಯಲು ತಟ್ಟೆಯಲ್ಲಿ ಹರಡಿದ ಅಕ್ಕಿ, ಕಡಲ ದಂಡೆಯವರಿಗೆ ಒದ್ದೆ ಮರಳು.

ಓದುವ ಸರಕಿಗೆ ಬರವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ‘ಕಾರವಾರ’ದಲ್ಲಿ ಕಾ, ‘ಕುಮಟಾ’ದಲ್ಲಿ ಕು, ‘ಅಂಕೋಲಾ’ದಲ್ಲಿ ಕೋ. ‘ಶಿರಸಿ’ಯಲ್ಲಿ ಗುಡಿಸು ಎರಡು ಸಲ. ‘ಹೊನ್ನಾವರ’, ‘ಸಿದ್ದಾಪುರ’ ಒತ್ತಕ್ಷರದವು, ಸದ್ಯಕ್ಕೆ ಬೇಡ. ‘ಅಡಿಕೆ’ಯಲ್ಲಿ ಗುಡಿಸು, ಏತ್ವ ಎರಡೂ ಸಿಗುತ್ತವೆ. ‘ತೊಡೆದೇವು’ ಎಂಬ ಸಿಹಿತಿಂಡಿಯ ಹೆಸರಂತೂ ಪೂರ್ತಿ ಪರೀಕ್ಷೆ: ನಾಲ್ಕು ಅಕ್ಷರ, ನಾಲ್ಕು ಬೇರೆ ಗುರುತು.

34 ವ್ಯಂಜನ ಗುಣಿಸು 15 ಎಂದರೆ 510. ಅಷ್ಟನ್ನೂ ಸಾಲಾಗಿ ಬರೆಸಿ, ಬಾಯಿಪಾಠ ಮಾಡಿಸಿ ‘ಕಾಗುಣಿತ ಮುಗಿಯಿತು’ ಎನ್ನುವ ಪಾಲಕರಿದ್ದಾರೆ. 15 ಗುರುತು ಕಲಿತ ಮಗುವಿಗೆ ಆ ಪಟ್ಟಿ ಬೇಕಿಲ್ಲ. ಙ, ಞ ಸಾಲುಗಳನ್ನೂ ಬಿಡದೆ ಬರೆಸುವವರು, ‘ಙೌ’ ಇರುವ ಒಂದು ಪದ ಹೇಳಲಿ.