ಗ್ರಾಫೀನಿನಲ್ಲಿ ಎಲೆಕ್ಟ್ರಾನ್ ಹಿಂದೆ ಬೀಳುತ್ತದೆ

ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಿಂದ ಒಂದೇ ಒಂದು ಪದರ ಬಿಡಿಸಿದರೆ ಅದೇ ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್, ನೊವೊಸೆಲೊವ್ ಅದನ್ನು ಅಂಟುಟೇಪಿನಿಂದ ಎಬ್ಬಿಸಿದ್ದು ತುಂಬಾ ಜನರಿಗೆ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದ ಕಥೆ ಬೇರೆ ಇದೆ.

ಆ ಹಾಳೆಯಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಜೋಡಿಸಿಕೊಂಡಿವೆ, ಆದರೆ ಸುಮ್ನೆ ಕೂತಿಲ್ಲ, ಸದಾ ನಡುಗುತ್ತಿರುತ್ತವೆ. ಈ ನಡುಕದ ಒಂದು ತುಣುಕಿಗೆ ಫೋನಾನ್ ಅನ್ನುತ್ತಾರೆ. ಪರಮಾಣುವಿನ ನ್ಯೂಕ್ಲಿಯಸ್ ಭಾರ, ನಿಧಾನ. ಎಲೆಕ್ಟ್ರಾನ್ ಹಗುರ, ಚುರುಕು. ಹಾಗಾಗಿ ಪರಮಾಣು ಎತ್ತ ಸರಿದರೂ ಎಲೆಕ್ಟ್ರಾನ್ ಆ ಕ್ಷಣವೇ ಹೊಂದಿಕೊಳ್ಳುತ್ತದೆ ಅಂತ 1927ರಲ್ಲಿ ಬಾರ್ನ್ ಮತ್ತು ಆಪನ್‌ಹೈಮರ್ ಲೆಕ್ಕ ಹಾಕಿದ್ದರು. ಅಣುಗಳ ಲೆಕ್ಕವೆಲ್ಲ ಹೆಚ್ಚುಕಡಿಮೆ ಇದರ ಮೇಲೇ ನಿಂತಿದೆ.

ಗ್ರಾಫೀನಿನಲ್ಲಿ ಇದು ಕೈಕೊಡುತ್ತದೆ. ಅಕ್ಕಪಕ್ಕದ ಎರಡು ಪರಮಾಣುಗಳು ಎದುರುಬದುರಾಗಿ ತೂಗುವ ಒಂದು ನಡುಕವಿದೆ, ಜಿ ನಡುಕ ಅಂತ ಹೆಸರು. ಸೆಕೆಂಡಿಗೆ ಸುಮಾರು 47 ಲಕ್ಷ ಕೋಟಿ ಸಲ! ಎಲೆಕ್ಟ್ರಾನುಗಳು ಡಿಕ್ಕಿ ಹೊಡೆದು, ದಿಕ್ಕು ಬದಲಿಸಿ, ಹೊಸ ಜಾಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಪರಮಾಣುಗಳು ಎಷ್ಟೋ ಸಲ ತೂಗಿ ಮುಗಿಸಿರುತ್ತವೆ. ಇಲ್ಲಿ ಹಿಂದೆ ಬೀಳೋದು ಎಲೆಕ್ಟ್ರಾನೇ.

ಇದು ಕಂಡದ್ದು ರಾಮನ್ ಪರಿಣಾಮದಿಂದ. ಹಾಳೆಯ ಮೇಲೆ ಲೇಸರ್ ಹಾಯಿಸಿದರೆ ಚದುರಿ ಬರುವ ಬೆಳಕಿನಲ್ಲಿ ಒಂದಿಷ್ಟರ ಬಣ್ಣ ಸ್ವಲ್ಪ ಬದಲಾಗಿರುತ್ತದೆ, ಆ ಬದಲಾವಣೆಯಲ್ಲಿ ನಡುಕದ ವೇಗ ಇರುತ್ತದೆ. ಬಣ್ಣಗಳನ್ನು ಬಿಡಿಸಿ ನೋಡಿದಾಗ ಒಂದೊಂದು ನಡುಕವೂ ಒಂದು ಗೆರೆಯಾಗಿ ಕಾಣುತ್ತದೆ, ಜಿ ನಡುಕದ್ದು ಜಿ ಗೆರೆ. ಗ್ರಾಫೀನಿಗೆ ಎಲೆಕ್ಟ್ರಾನ್ ತುಂಬಿದಂತೆ ಜಿ ಗೆರೆ ಮೇಲಕ್ಕೆ, ಅಂದರೆ ಹೆಚ್ಚು ವೇಗದ ಕಡೆಗೆ ಸರಿಯಿತು, ತೆಳುವಾಯಿತು. ಹಳೆಯ ಲೆಕ್ಕದ ಪ್ರಕಾರ ಅದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕಿತ್ತು. 2007ರಲ್ಲಿ ಇದು ಪ್ರಕಟವಾಯಿತು.

ತೆಳುವಾಗಿದ್ದು ಯಾಕೆ? ಫೋನಾನಿನ ಶಕ್ತಿ ಸುಮಾರು 0.2 ಎಲೆಕ್ಟ್ರಾನ್ ವೋಲ್ಟ್. ಅದು ಕಡಿಮೆ ಶಕ್ತಿಯ ಎಲೆಕ್ಟ್ರಾನನ್ನು ಹೆಚ್ಚು ಶಕ್ತಿಯ ಖಾಲಿ ಜಾಗಕ್ಕೆ ಎತ್ತಿ ತಾನು ಅಳಿಯುತ್ತದೆ. ಆ ಜಾಗ ಆಗಲೇ ತುಂಬಿದ್ದರೆ ಎತ್ತಲು ಆಗುವುದಿಲ್ಲ, ಸೀಟು ತುಂಬಿದ ಬಸ್ಸಿನ ಹಾಗೆ. ಆಗ ನಡುಕ ಜಾಸ್ತಿ ಹೊತ್ತು ಬಾಳುತ್ತದೆ, ಗೆರೆ ಚೂಪಾಗುತ್ತದೆ. ಎಷ್ಟು ಸರಳ ಅಲ್ವಾ!

ಬೆಂಗಳೂರಿನ ಐಐಎಸ್ಸಿಯಲ್ಲಿ ಎ.ಕೆ. ಸೂದ್ ಮತ್ತು ಜೊತೆಗಾರರು 2008ರಲ್ಲಿ ಪಾಲಿಮರ್ ಎಲೆಕ್ಟ್ರೊಲೈಟ್ (ಅಯಾನುಗಳು ಓಡಾಡಬಲ್ಲ ಪ್ಲಾಸ್ಟಿಕ್ಕಿನಂಥ ವಸ್ತು) ಬಳಸಿ ಇನ್ನೂ ತುಂಬಾ ಹೆಚ್ಚು ವಿದ್ಯುದಂಶ ತುಂಬಿ ನೋಡಿದರು. ಜಿ ಗೆರೆ ಎಲೆಕ್ಟ್ರಾನ್ ಸೇರಿಸಿದರೂ ಮೇಲೆ ಹೋಗುತ್ತದೆ, ತೆಗೆದರೂ ಮೇಲೆ ಹೋಗುತ್ತದೆ. 2ಡಿ ಎಂಬ ಇನ್ನೊಂದು ಗೆರೆ ಹಾಗಲ್ಲ. ತುಂಬಾ ಎಲೆಕ್ಟ್ರಾನ್ ಸೇರಿಸಿದರೆ ಕೆಳಗೆ, ತೆಗೆದರೆ ಮೇಲೆ. ಎರಡನ್ನೂ ಒಟ್ಟಿಗೆ ನೋಡಿದರೆ ಹಾಳೆಯಲ್ಲಿ ಎಷ್ಟು ವಿದ್ಯುದಂಶ ಇದೆ, ಯಾವ ಬಗೆಯದು ಅಂತ ತಂತಿ ಮುಟ್ಟಿಸದೆ, ಬರೀ ಬೆಳಕಿನಿಂದಲೇ ಓದಬಹುದು.