ಸಂವಿಧಾನದ ಪೀಠಿಕೆ: ಒಂದೇ ವಾಕ್ಯವನ್ನು ಬಿಡಿಸಿ ಓದುವ ಬಗೆ

ಭಾರತದ ಸಂವಿಧಾನವನ್ನು ಯಾರು, ಯಾತಕ್ಕಾಗಿ, ಯಾವತ್ತು ಒಪ್ಪಿಕೊಂಡರು ಎಂದು ಹೇಳುವ ಒಂದೇ ವಾಕ್ಯವೇ ಪೀಠಿಕೆ. ಕರ್ನಾಟಕದ ಶಾಲೆಗಳಲ್ಲಿ ಇದನ್ನು ಒಟ್ಟಾಗಿ ಓದಿಸುತ್ತಾರೆ, ಎಷ್ಟೋ ಮಕ್ಕಳಿಗೆ ಬಾಯಿಪಾಠವೂ ಆಗಿರುತ್ತದೆ. ಆದರೂ ‘ಇಲ್ಲಿ ಯಾರು ಏನು ಮಾಡಿದರು?’ ಎಂದು ಕೇಳಿದರೆ ತಡವರಿಸುತ್ತಾರೆ. ‘ನಾವು’ ಎಂಬುದು ಮೊದಲಿಗೇ ಬಂದು ಕ್ರಿಯಾಪದ ಕಟ್ಟಕಡೆಗೆ ಬರುವುದರಿಂದ, ನಡುವಿನ ಉದ್ದನೆಯ ಪಟ್ಟಿಯಲ್ಲಿ ಕರ್ತೃವೇ ಮರೆತುಹೋಗುತ್ತದೆ.

ಹಾಗಾಗಿ ಪಾಠ ಮಾಡುವವರು ಮೊದಲು ಎರಡೂ ತುದಿಗಳನ್ನು ಜೋಡಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ: ‘ನಾವು ಈ ಸಂವಿಧಾನವನ್ನು ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ.’ ಅದಕ್ಕೂ ಮುಂಚಿನ 1935ರ ಭಾರತ ಸರ್ಕಾರ ಕಾಯ್ದೆಯನ್ನು ಮಾಡಿದ್ದು ಬ್ರಿಟಿಷ್ ಸಂಸತ್ತು. ಈ ವ್ಯತ್ಯಾಸ ಹೇಳಿದರೆ ‘ನಮಗೆ ನಾವೇ’ ಎಂಬುದರ ತೂಕ ತಿಳಿಯುತ್ತದೆ.

ನಡುವಿನ ಭಾಗದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರವಿದೆ: ದೇಶ ಎಂಥದ್ದಾಗಿರಬೇಕು, ನಾಗರಿಕರಿಗೆ ಏನೇನು ದೊರೆಯಬೇಕು. ಮೊದಲನೆಯದರಲ್ಲಿ ಹೆಚ್ಚು ಗೊಂದಲವಾಗುವುದು ಪ್ರಜಾಪ್ರಭುತ್ವ ಮತ್ತು ಗಣರಾಜ್ಯದ ನಡುವೆ. ಬ್ರಿಟನ್‌ನಲ್ಲಿ ಚುನಾವಣೆಯಿದೆ, ಆದರೆ ರಾಷ್ಟ್ರದ ಮುಖ್ಯಸ್ಥ ವಂಶದಿಂದ ಬಂದ ದೊರೆ. ಅದು ಪ್ರಜಾಪ್ರಭುತ್ವವೇ ಹೊರತು ಗಣರಾಜ್ಯವಲ್ಲ. ನಮ್ಮ ರಾಷ್ಟ್ರಪತಿ ಐದು ವರ್ಷಗಳ ಅವಧಿಗೆ ಆಯ್ಕೆಯಾಗಿ ಬರುತ್ತಾರೆ.

ಎರಡನೆಯದರಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳನ್ನು ವಿಧಿಗಳ ಜೊತೆ ಹೊಂದಿಸಿ ಕಲಿಸುವುದು ಸುಲಭ: ಅಭಿವ್ಯಕ್ತಿಗೆ 19, ಉಪಾಸನೆಗೆ 25, ಅವಕಾಶ ಸಮಾನತೆಗೆ 16. ಭ್ರಾತೃತ್ವಕ್ಕೆ ಹೀಗೆ ನೇರವಾಗಿ ಬೆರಳಿಟ್ಟು ತೋರಿಸುವ ಹಕ್ಕಿನ ವಿಧಿಯಿಲ್ಲ. ಆದ್ದರಿಂದಲೇ ‘ಭಾರತೀಯರೆಲ್ಲ ಅಣ್ಣತಮ್ಮಂದಿರು’ ಎಂಬ ಒಂದು ಸಾಲಿಗೆ ಪಾಠ ಮುಗಿದುಬಿಡುತ್ತದೆ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ.

ಪೀಠಿಕೆಗೆ ಆಧಾರವಾದದ್ದು 1947ರ ಜನವರಿ 22ರಂದು ಸಂವಿಧಾನ ಸಭೆ ಒಪ್ಪಿದ ಧ್ಯೇಯಗಳ ನಿರ್ಣಯ. ಅದರಲ್ಲಿ ಭ್ರಾತೃತ್ವ ಇರಲಿಲ್ಲ. ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಪೀಠಿಕೆಯ ವಾಕ್ಯವನ್ನು ಸರಿಯಾಗಿ ಬಿಡಿಸಿದರೆ, ಭ್ರಾತೃತ್ವದ ಜೊತೆಗೇ ಅಲ್ಲಿ ಬರುವ ವ್ಯಕ್ತಿಗೌರವ ಮತ್ತು ರಾಷ್ಟ್ರದ ಏಕತೆ ಬಿಡಿ ಬಿಡಿ ಆದರ್ಶಗಳಲ್ಲ. ಭ್ರಾತೃತ್ವವೇ ಅವೆರಡಕ್ಕೂ ಭರವಸೆ. ವ್ಯಕ್ತಿಗೌರವವನ್ನು ಬಿಟ್ಟು ಏಕತೆಯನ್ನಷ್ಟೇ ಹೇಳಿಕೊಟ್ಟರೆ ಅರ್ಧ ಪಾಠವಾದಂತೆ.

ತರಗತಿಯಲ್ಲಿ ಒಂದು ಉದಾಹರಣೆ ಕೊಡಿ. ಅಂಗಡಿ, ಹೋಟೆಲ್, ಸಾರ್ವಜನಿಕ ಬಾವಿ, ಕೆರೆಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು 15ನೇ ವಿಧಿ ಹೇಳುತ್ತದೆ. ಅಸ್ಪೃಶ್ಯತೆಯನ್ನು 17ನೇ ವಿಧಿ ರದ್ದುಮಾಡಿದೆ. ಆದರೆ ಪಕ್ಕದ ಮನೆಯವರನ್ನು ಊಟಕ್ಕೆ ಕರೆಯಿರಿ ಎಂದು ಯಾವ ವಿಧಿಯೂ ಆಜ್ಞೆ ಮಾಡಲಾರದು. ಬುತ್ತಿ ಹಂಚಿಕೊಳ್ಳುವಾಗ ಯಾರ ಡಬ್ಬಿಯನ್ನು ಯಾರು ಮುಟ್ಟುವುದಿಲ್ಲ ಎಂದು ಮಕ್ಕಳಿಗೇ ಗೊತ್ತಿರುತ್ತದೆ. ಕಾನೂನಿನ ಕೈ ಎಲ್ಲಿಯವರೆಗೆ ಚಾಚುತ್ತದೆ, ಭ್ರಾತೃತ್ವದ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂದು ಅವರೇ ಗುರುತಿಸಲಿ. ಯಾವ ಮಗುವಿನ ಹೆಸರನ್ನೂ ಚರ್ಚೆಗೆ ಎಳೆಯಬೇಡಿ.

ತಾರೀಖಿನಲ್ಲೂ ತಪ್ಪಾಗುತ್ತದೆ. ಪೀಠಿಕೆಯಲ್ಲಿರುವುದು ಅಂಗೀಕಾರದ ದಿನ, 1949ರ ನವೆಂಬರ್ 26. ಸಂವಿಧಾನ ಪೂರ್ಣವಾಗಿ ಜಾರಿಯಾದದ್ದು 1950ರ ಜನವರಿ 26ರಂದು. ಇನ್ನು ಸಮಾಜವಾದಿ, ಜಾತ್ಯತೀತ, ಅಖಂಡತೆ ಎಂಬ ಪದಗಳು ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಮೂಲ ಪ್ರತಿಯ ಚಿತ್ರ ನೋಡಿದ ಮಕ್ಕಳು ‘ಈ ಪದಗಳೆಲ್ಲಿ?’ ಎಂದು ಕೇಳಿದರೆ ಇದನ್ನೇ ಹೇಳಿ. ಕನ್ನಡದ ಕೆಲವು ಪ್ರತಿಗಳಲ್ಲಿ ಜಾತ್ಯತೀತದ ಜಾಗದಲ್ಲಿ ‘ಸರ್ವಧರ್ಮ ಸಮಭಾವ’ ಎಂದೂ ಇರುತ್ತದೆ.

ಪೀಠಿಕೆಗೆ ಕಾನೂನಿನ ಬಲ ಇದೆಯೇ? ಪೀಠಿಕೆ ಸಂವಿಧಾನದ ಭಾಗವೇ ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ಹೇಳಿತು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಆದರೆ ಪೀಠಿಕೆಯೊಂದನ್ನೇ ಹಿಡಿದು ಹಕ್ಕು ಕೇಳಿ ಕೋರ್ಟಿಗೆ ಹೋಗಲಾಗದು. ಅದಕ್ಕೊಂದು ವಿಧಿಯೋ ಕಾಯ್ದೆಯೋ ಬೇಕು. ಆ ವಿಧಿಯ ಅರ್ಥ ಅಸ್ಪಷ್ಟವಾಗಿದ್ದಾಗ ನ್ಯಾಯಾಧೀಶರು ಪೀಠಿಕೆಯ ನೆರವು ಪಡೆಯುತ್ತಾರೆ.