ಕೊಡಗಿನ ಹೊಸ ಕೆರೆಗೆ ಮೀನು ಬಿಡುವ ಮುನ್ನ

ಕೊಡಗಿನಲ್ಲಿ ಮನೆಯ ಹಿಂದೆ ಮೀನಿಗಾಗಿ ಕೆರೆ ತೆಗೆಸುವವರು ಬೇಸಾಯ ಬಿಟ್ಟ ಗದ್ದೆಯ ಮೂಲೆಯನ್ನೋ ಕಾಫಿ ತೋಟದ ತಗ್ಗನ್ನೋ ಆಯ್ದುಕೊಳ್ಳುವುದು ಸಾಮಾನ್ಯ. ಜೆಸಿಬಿ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, ಬದಿಯಿಂದ ನೀರು ಒಸರುವ ಕಡೆ ತುಕ್ಕಿನ ಬಣ್ಣದ ಲೋಳೆಯೂ ಅದರ ಮೇಲೆ ಎಣ್ಣೆಯಂತೆ ಹೊಳೆಯುವ ತೆಳುವಾದ ಪೊರೆಯೂ ಕಾಣಿಸಿಕೊಳ್ಳುತ್ತವೆ. ಕಡ್ಡಿಯಿಂದ ಮುಟ್ಟಿ ನೋಡಿದರೆ ಪೊರೆ ಚೂರುಚೂರಾಗಿ ಒಡೆಯುತ್ತದೆ. ನಿಜವಾದ ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಮಣ್ಣಿನ ಕಬ್ಬಿಣವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸವಿದು. ಯುಗಯುಗಗಳ ಮಳೆ ಇಲ್ಲಿನ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದೆ. ಹೀಗಾಗಿ ಮಣ್ಣೂ ಹುಳಿ, ಅದರಲ್ಲಿ ನಿಂತ ನೀರೂ ಹುಳಿ. ಕೆರೆ ಕೈಹಿಡಿಯುವುದೋ ಇಲ್ಲವೋ ಎಂಬುದು ಮರಿಯ ತಳಿಗಿಂತ ಹೆಚ್ಚಾಗಿ ಈ ಹುಳಿಯನ್ನು ನಾವು ಹೇಗೆ ನಿಭಾಯಿಸುತ್ತೇವೆ ಎಂಬುದರ ಮೇಲೆ ನಿಂತಿದೆ ಎಂದೇ ನನ್ನ ಅಭಿಪ್ರಾಯ.

ನೀರಿನ ಹುಳಿಯನ್ನು ಅಳೆಯುವ ಅಂಕಿ ಪಿಎಚ್; ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಗೆಂಡೆ ಜಾತಿಯ ಮೀನುಗಳಿಗೆ ಪಿಎಚ್ 7ರಿಂದ 8.5ರವರೆಗಿನ ನೀರು ಹಿತ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಎಷ್ಟು ಸಗಣಿ ಹಾಕಿದರೂ ಅದರ ಸಾರ ಕೆಸರಿನಲ್ಲೇ ಉಳಿದು ನೀರು ಬರಿದಾಗಿರುತ್ತದೆ. ಸುಣ್ಣ ಹಾಕಿದಾಗ ಈ ಹಿಡಿತ ಸಡಿಲವಾಗುತ್ತದೆ. ಅಲ್ಲದೆ ಸುಣ್ಣವು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಬೆಳಗಿನ ಜಾವ ಇಳಿದು ಮಧ್ಯಾಹ್ನ ಏರುವ ಪಿಎಚ್‌ನ ಓಲಾಟವನ್ನು ತಡೆಯುವುದು ಇದೇ. ಸಾಧಾರಣ ಹುಳಿಯಿದ್ದರೆ ಸೆಂಟಿಗೆ ಸುಮಾರು 4 ಕಿಲೋ, ಹೆಚ್ಚು ಹುಳಿಯಿದ್ದರೆ ಅದರ ಎರಡರಷ್ಟು ಸುಣ್ಣವನ್ನು ನೀರು ತುಂಬುವ ಮೊದಲೇ ತಳಕ್ಕೂ ಬದಿಗಳಿಗೂ ಎರಚಬೇಕು. ಮಣ್ಣು ಪರೀಕ್ಷೆ ಮಾಡಿಸಿದರೆ ಊಹೆಯ ಕೆಲಸ ತಪ್ಪುತ್ತದೆ.

ಸುಣ್ಣ ಹಾಕಿ ಒಂದೆರಡು ವಾರದ ನಂತರ ಸೆಂಟಿಗೆ ಸುಮಾರು 8 ಕಿಲೋ ಹಸುವಿನ ಸಗಣಿಯನ್ನು ಕದಡಿ ಹಾಕಿದರೆ, ಬಿಸಿಲಿರುವ ದಿನಗಳಲ್ಲಿ ನೀರು ನಿಧಾನವಾಗಿ ತಿಳಿಹಸಿರಿಗೆ ತಿರುಗುತ್ತದೆ. ಆ ಹಸಿರೇ ಸಸ್ಯ ಪ್ಲವಕ, ಮೀನಿನ ಆಹಾರ ಸರಪಳಿಯ ಮೊದಲ ಕೊಂಡಿ. ಅಂಗೈಯನ್ನು ಮಣಿಕಟ್ಟಿನಲ್ಲಿ ಮಡಿಸಿ ತೋಳನ್ನು ನೇರವಾಗಿ ನೀರಿಗಿಳಿಸಿ; ಮೊಣಕೈವರೆಗೆ ಮುಳುಗುವ ಹೊತ್ತಿಗೆ ಅಂಗೈ ಮರೆಯಾಗುತ್ತಿದ್ದರೆ ಹದ ಸರಿಯಿದೆ. ಅದಕ್ಕೂ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು.

ಗೊಬ್ಬರ ನಿಲ್ಲಿಸುವ ಈ ವಿವೇಕ ಕೊಡಗಿನ ಮಳೆಗಾಲಕ್ಕೆ ತೀರ ಅಗತ್ಯ. ಹಗಲಿನಲ್ಲಿ ಆಮ್ಲಜನಕ ಕೊಡುವ ಪ್ಲವಕ ರಾತ್ರಿ ಅದನ್ನೇ ಬಳಸುತ್ತದೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆಗಳು ನೆಮ್ಮದಿಯಾಗಿರುತ್ತವೆ, 3ಕ್ಕಿಂತ ಕೆಳಗಿಳಿದರೆ ಕಷ್ಟಪಡುತ್ತವೆ. ವಾರಗಟ್ಟಲೆ ಮೋಡ ಕವಿದಾಗ ಹಗಲಿನ ಗಳಿಕೆ ಕಡಿಮೆಯಾಗಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಆಗ ತಿಂಡಿ, ಗೊಬ್ಬರ ಎರಡನ್ನೂ ನಿಲ್ಲಿಸಿ, ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಮೇಲಿನಿಂದ ಸುರಿಸಬೇಕು.

ಐದು ಸೆಂಟಿನ, ಒಂದೂವರೆಯಿಂದ ಎರಡು ಮೀಟರ್ ಆಳದ ಕೆರೆಗೆ ಬೆರಳುದ್ದದ ನೂರು ಮರಿಗಳು ಸಾಕು. ಮೇಲ್ಮಟ್ಟದಲ್ಲಿ ಮೇಯುವ ಕಾಟ್ಲಾ ನಲವತ್ತು, ನಡುನೀರಿನ ರೋಹು ಮೂವತ್ತು, ತಳದ ಮೃಗಾಲ್ ಮೂವತ್ತು ಎಂಬುದು ರೂಢಿಯ ಪ್ರಮಾಣ. ಮಡಿಕೇರಿ ಕಡೆಯ ಚಳಿಯಲ್ಲಿ ಇವುಗಳ ಬೆಳವಣಿಗೆ ನಿಧಾನವಾಗುವುದರಿಂದ, ಅಲ್ಲಿ ಸಾಮಾನ್ಯ ಗೆಂಡೆಯನ್ನೂ ಹುಲ್ಲುಗೆಂಡೆಯನ್ನೂ ಹೆಚ್ಚಿಸಿಕೊಳ್ಳುವುದು ಒಳ್ಳೆಯದು. ಮರಿಯ ಚೀಲವನ್ನು ಕಾಲು ಗಂಟೆ ಕೆರೆಯಲ್ಲಿ ತೇಲಿಬಿಟ್ಟು, ಸ್ವಲ್ಪಸ್ವಲ್ಪವೇ ಕೆರೆಯ ನೀರು ಬೆರೆಸಿ, ಸಂಜೆಯ ತಂಪಿನಲ್ಲಿ ಬಿಡಬೇಕು.

ತೋಟದ ಕೆರೆಗೆ ದೊಡ್ಡ ಅಪಾಯ ತೋಟದಿಂದಲೇ ಬರುತ್ತದೆ. ಕಾಫಿಗೂ ಕರಿಮೆಣಸಿಗೂ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ. ಪಲ್ಪಿಂಗ್ ಮಾಡಿದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರಂತೂ ಕೊಳೆಯುತ್ತ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಇವೆರಡೂ ಕೆರೆಗೆ ಇಳಿಯದಂತೆ ಮೇಲ್ಬದಿಯಲ್ಲೊಂದು ಚರಂಡಿ ತೋಡಲೇಬೇಕು.

ಜುಲೈ ಮಳೆಗೆ ಕೆರೆ ಕೋಡಿ ಬಿದ್ದರೆ ಮೀನು ತೋಡಿಗೆ, ತೋಡಿನಿಂದ ಕಾವೇರಿಗೆ ಸೇರುತ್ತದೆ. ಇದನ್ನು ಬರೀ ನಮ್ಮ ನಷ್ಟವೆಂದು ನೋಡಲಾಗದು. ಕಾವೇರಿ ಕಣಿವೆಯ ಡುಬ್ಬದ ಮಹಶೀರ್ ಇಂದು ಅತ್ಯಂತ ಅಪಾಯದಂಚಿನಲ್ಲಿರುವ ಮೀನು. ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ. ಅದರ ಅವನತಿಯ ಕಾರಣಗಳಲ್ಲಿ, ಹೊರಗಿನಿಂದ ತಂದು ನದಿಗೆ ಬಿಟ್ಟ ಬೇರೊಂದು ಮಹಶೀರ್ ಕೂಡ ಒಂದು. ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವುದು, ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಷ್ ಅನ್ನು ಹತ್ತಿರ ಸೇರಿಸದಿರುವುದು ಇಲ್ಲಿ ಕೆರೆ ಮಾಡುವ ಪ್ರತಿಯೊಬ್ಬರ ಹೊಣೆ. ಸಾಧ್ಯವಾದರೆ ಮಳೆಯ ಆರ್ಭಟ ಇಳಿದ ಮೇಲೆಯೇ ಮರಿ ಬಿಡಿ.

ಕಾಫಿ ಹೂ ಅರಳಲು ಬೇಕಾದ ಹೂಮಳೆ ತಡವಾದರೆ ಫೆಬ್ರವರಿ, ಮಾರ್ಚಿನಲ್ಲಿ ಅದೇ ಕೆರೆಯಿಂದ ಸ್ಪ್ರಿಂಕ್ಲರ್ ಓಡಿಸಬೇಕಾಗುತ್ತದೆ. ಅದಕ್ಕಾಗಿ ತೋಡಿಸುವಾಗಲೇ ಒಂದು ಭಾಗವನ್ನು ಇನ್ನಷ್ಟು ಆಳ ಮಾಡಿಸಿ, ಪಂಪು ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವನ್ನು ಆ ಗುಂಡಿಯ ಅಂಚಿಗಿಂತ ಕೆಳಗೆ ಇಳಿಸದಿದ್ದರೆ ಮೀನುಗಳು ಅಲ್ಲಿ ಉಳಿದುಕೊಳ್ಳುತ್ತವೆ. ನೀರಿಳಿಸುವ ಮುನ್ನ ದೊಡ್ಡವನ್ನು ಗಾಳಕ್ಕೆ ಹಿಡಿದು ತೆಗೆದರೆ ಉಳಿದವಕ್ಕೆ ಉಸಿರಾಡಲು ಜಾಗವಾಗುತ್ತದೆ.